ಅಜ್ಜಿಗೂ ಒಂದು ರಜೆ

ಸದಾಶಿವ ಪೇಠದ ಕನ್ನಡ ಮನೆಗಳಲ್ಲಿ ಮೇ ತಿಂಗಳ ರಜೆಯೆಂದರೆ ಧಾರವಾಡವೋ ವಿಜಯಪುರವೋ, ಒಟ್ಟಿನಲ್ಲಿ ಅಜ್ಜಿಯ ಮನೆ. ಈಗ ಮಕ್ಕಳು ಇಮ್ಯಾಜಿಕಾ ಎನ್ನುತ್ತಾರೆ. ಸಂಪ್ರದಾಯ ತಪ್ಪಿತೆಂದು ನಾವು ಮರುಗುತ್ತೇವೆ. ಆ ಮರುಕದಲ್ಲೊಂದು ಮರೆವಿದೆ: ಅಲ್ಲಿ ನಮಗೆಲ್ಲ ರಜೆ, ಅಜ್ಜಿಗೆ ಮಾತ್ರ ಒಲೆ.

ಆದ್ದರಿಂದ ಮೊದಲ ಸಲ ಹೊರಡುವವರು ಅವರನ್ನೂ ಕರೆದೊಯ್ಯಬೇಕು. ಖೋಪೋಲಿಯ ಬಳಿ 2013ರಲ್ಲಿ ತೆರೆದ ಈ ಉದ್ಯಾನದ ಪಕ್ಕದಲ್ಲೇ ಹೋಟೆಲಿದೆ. ಎಲ್ಲ ಆಟಗಳನ್ನೂ ಒಂದೇ ದಿನದಲ್ಲಿ ಮುಗಿಸುವ ಹಟ ಬಿಟ್ಟು ಅಲ್ಲಿ ತಂಗಿದರೆ, ಬಿಸಿಲಿಳಿಯುವವರೆಗೆ ಅಜ್ಜಿ ಕೋಣೆಯಲ್ಲಿ ವಿಶ್ರಮಿಸಿ ಸಂಜೆ ಮೊಮ್ಮಕ್ಕಳೊಡನೆ ತಿರುಗಾಡಬಹುದು. ದೊಡ್ಡ ಆಟಗಳಿಗೆ ಎತ್ತರದ ನಿಯಮವುಂಟು. ಮಕ್ಕಳ ಎತ್ತರವನ್ನು ಮನೆಯಲ್ಲೇ ಅಳೆದರೆ ಅಲ್ಲಿ ಕಣ್ಣೀರು ತಪ್ಪುತ್ತದೆ.

ಬೇರೆಯವರು ಬಡಿಸಿದ್ದನ್ನು ಕುಳಿತು ಉಣ್ಣುವ ಎರಡು ದಿನಗಳು ಅಜ್ಜಿಗೂ ಸಲ್ಲಬೇಕು. ಖರ್ಚು ಹೆಚ್ಚಾದರೆ ಒಂದು ವರ್ಷ ತಡವಾಗಿ ಹೋಗೋಣ. ಅವರನ್ನು ಬಿಟ್ಟು ಹೋಗುವುದು ಬೇಡ.