ನೀರಿನೊಳಗಿನ ಶಲ್ಯ

ಬಾಯಾರಿದವನಿಗೆ ನೀರು ಕೊಡುವುದು ಧರ್ಮವೆಂಬ ವಿಷಯದಲ್ಲಿ ಯಾವ ಮತಕ್ಕೂ ಭಿನ್ನಾಭಿಪ್ರಾಯವಿಲ್ಲ. ವಿವಾದ ಹುಟ್ಟುವುದು ಆ ನೀರಿನ ಜೊತೆಗೆ ಮತ್ತೇನನ್ನು ಕೊಡಲಾಗುತ್ತಿದೆ ಎಂಬಲ್ಲಿ. ಅಮೆರಿಕದ ಟೆಕ್ಸಾಸ್ ಪ್ರಾಂತದಲ್ಲಿ 1990ರಲ್ಲಿ ಸ್ಥಾಪಿತವಾದ ಲಿವಿಂಗ್ ವಾಟರ್ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆ ಬಡ ರಾಷ್ಟ್ರಗಳಲ್ಲಿ ಕುಡಿಯುವ ನೀರಿನ ಬಾವಿಗಳನ್ನು ಕೊರೆಯಿಸುತ್ತದೆ. ಜೊತೆಯಲ್ಲೇ ಕ್ರಿಸ್ತನ ಸುವಾರ್ತೆಯನ್ನೂ ಸಾರುತ್ತದೆ. ಇದನ್ನು ಅದು ಮರೆಮಾಚುವುದೂ ಇಲ್ಲ. ಯೋಹಾನನ ಸುವಾರ್ತೆಯಲ್ಲಿ ಬಾವಿಯ ಬಳಿ ಸಮಾರ್ಯದ ಹೆಂಗಸಿನೊಡನೆ ಯೇಸು ನಡೆಸಿದ ಸಂಭಾಷಣೆಯಿಂದಲೇ ಅದರ ಹೆಸರು ಬಂದಿದೆ. ಬಾವಿ ಒಂದು, ನೀರು ಎರಡು ಎಂಬುದು ಅವರ ನಿಲುವು. ಈ ನಿಲುವನ್ನು ನಾವು ಪರಿಶೀಲಿಸಲೇಬೇಕು. ಏಕೆಂದರೆ ಅದರ ಪ್ರಲೋಭನೆ ಕ್ರೈಸ್ತರಿಗೆ ಮಾತ್ರ ಸೀಮಿತವಾದುದಲ್ಲ.

ಮೊದಲು ಋಣವನ್ನು ಒಪ್ಪಿಕೊಳ್ಳೋಣ. 1823ರವರೆಗೆ ನಮ್ಮ ದೇಶದಲ್ಲಿದ್ದ ಫ್ರೆಂಚ್ ಪಾದ್ರಿ ದುಬಾಯ್ ಅವರು ಮೈಸೂರು ಸೀಮೆಯಲ್ಲಿ ಸಿಡುಬಿನ ಲಸಿಕೆಯನ್ನು ಪ್ರಚಾರಕ್ಕೆ ತಂದವರು. ಮತಾಂತರದ ಪ್ರಯತ್ನ ಈ ನೆಲದಲ್ಲಿ ಫಲಿಸದೆಂದು ಕೊನೆಗೆ ಬರೆದವರೂ ಅವರೇ. ಆ ಮಾತು ಬೇಡವೆನಿಸಿದವರಿಗೂ ಲಸಿಕೆ ಬೇಕಾಗಿತ್ತು! 1906ರಲ್ಲಿ ಮೈಸೂರಿನಲ್ಲಿ ಆರಂಭವಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು 'ಮಿಷನ್ ಆಸ್ಪತ್ರೆ' ಎಂದೇ ನಮ್ಮ ಹಿರಿಯರು ಕರೆಯುತ್ತಿದ್ದರು. ಊರೂರಿನ ಬೀದಿಗಳಲ್ಲಿ ನಿಂತಿರುವ ಇಂಡಿಯಾ ಮಾರ್ಕ್-2 ಕೈಪಂಪಿನ ಪೂರ್ವರೂಪಗಳು ಮಹಾರಾಷ್ಟ್ರದ ಜಾಲ್ನಾ, ಸೊಲ್ಲಾಪುರಗಳ ಕ್ರೈಸ್ತ ಸೇವಾಸಂಸ್ಥೆಗಳ ಕಾರ್ಯಾಗಾರಗಳಲ್ಲಿ ಸಿದ್ಧವಾದವು. 1970ರ ದಶಕದಲ್ಲಿ ಯುನಿಸೆಫ್ ಮತ್ತು ಸರ್ಕಾರ ಅದನ್ನು ಪರಿಷ್ಕರಿಸಿ ದೇಶಕ್ಕೆಲ್ಲ ಹಂಚಿದವು. ಹಿಡಿಕೆ ಒತ್ತಿದವನನ್ನು ನೀನಾರ ಭಕ್ತನೆಂದು ಆ ಪಂಪು ಎಂದೂ ಕೇಳಲಿಲ್ಲ. ಅದೇ ಅದರ ಶ್ರೇಷ್ಠತೆ.

ಆದರೆ ಬಾವಿಕಟ್ಟೆಯ ಪಕ್ಕದಲ್ಲೇ ಉಪದೇಶಪೀಠ ಹೂಡಿದಾಗ ಸಂಗತಿ ಬೇರೆಯಾಗುತ್ತದೆ. ನಾವು ಯಾರ ಮೇಲೂ ಬಲಾತ್ಕಾರ ಮಾಡುವುದಿಲ್ಲ, ಕೇಳದವರಿಗೂ ನೀರು ಕೊಡುತ್ತೇವೆ ಎಂದು ಅವರು ಹೇಳಬಹುದು. ಪ್ರಾಮಾಣಿಕವಾಗಿಯೇ ಹೇಳಬಹುದು. ಊರಿಗೆ ಇರುವುದು ಒಂದೇ ಬಾವಿ. ಅದನ್ನು ಕೊಟ್ಟವನು ಎದುರಿಗೆ ನಿಂತಿದ್ದಾನೆ. ಬಿಂದಿಗೆ ಹಿಡಿದು ಬಂದ ತಾಯಿಗೆ 'ನಿಮ್ಮ ಮಾತು ನನಗೆ ಬೇಡ' ಎನ್ನುವ ಧೈರ್ಯ ಎಲ್ಲಿಂದ ಬರಬೇಕು? ಅಲ್ಲಿ ಮೌನವನ್ನು ಸಮ್ಮತಿ ಎನ್ನಲಾಗದು. ನೆರವನ್ನು ಮತದ ಏಳಿಗೆಗೆ ಬಳಸಬಾರದೆಂದು ರೆಡ್‌ಕ್ರಾಸ್ ಮತ್ತು ಇತರ ಪರಿಹಾರ ಸಂಸ್ಥೆಗಳು 1994ರಲ್ಲೇ ನೀತಿಸಂಹಿತೆ ರಚಿಸಿಕೊಂಡವು. ಅದನ್ನು ಅಂಗೀಕರಿಸಿದವರಲ್ಲಿ ಕ್ರೈಸ್ತ ಸಂಸ್ಥೆಗಳೂ ಇವೆ. ಇದು ಬರಿಯ ಅನ್ಯಮತೀಯರ ಆಕ್ಷೇಪವಲ್ಲ ಎಂಬುದಕ್ಕೆ ಅದು ಸಾಕ್ಷಿ.

ನಮ್ಮ ಶಾಸ್ತ್ರದಲ್ಲಿ ಇದಕ್ಕೆ ಹೆಸರಿದೆ. ಮಾಯಾ, ಮಿಥ್ಯಾ, ನಿದಾನ ಎಂಬ ಮೂರು ಶಲ್ಯಗಳನ್ನು ಕಿತ್ತೊಗೆಯದವನ ವ್ರತ ವ್ರತವಲ್ಲ. ಫಲವನ್ನು ಮೊದಲೇ ಮನಸ್ಸಿನಲ್ಲಿ ಗೊತ್ತುಮಾಡಿಕೊಂಡು ಆಚರಿಸುವುದೇ ನಿದಾನ. ಸ್ವರ್ಗಭೋಗವನ್ನು ಬಯಸಿ ತಪಸ್ಸು ಮಾಡುವುದೇ ದೋಷವಾದರೆ, ತನ್ನ ಮತದ ಸಂಖ್ಯೆ ಹೆಚ್ಚಲೆಂದು ನೀರೆರೆಯುವುದು ಎಷ್ಟರ ದೋಷ! ದಾನವೆಂದರೆ ತನ್ನದನ್ನು ತ್ಯಜಿಸುವುದು. ಪಡೆದವನ ಆತ್ಮದ ಮೇಲೆ ಹಕ್ಕು ಉಳಿಸಿಕೊಂಡವನು ಏನನ್ನು ತ್ಯಜಿಸಿದಂತಾಯಿತು?

ಇಷ್ಟು ಓದಿ ತಲೆದೂಗುವ ಧರ್ಮಬಂಧುಗಳು ತುಸು ತಾಳಬೇಕು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳು ನೀರಿಲ್ಲದ ಸೀಮೆಯಲ್ಲ. ಕಾವೇರಿ, ಲಕ್ಷ್ಮಣತೀರ್ಥ, ಕಪಿಲೆಗಳು ಹರಿಯುವ ನಾಡು. ಬೀಚನಹಳ್ಳಿಯಲ್ಲಿ ಕಬಿನಿಗೆ ಕಟ್ಟೆ ಕಟ್ಟಿ ಮುಗಿಸಿದ್ದು 1974ರಲ್ಲಿ. ಆ ಕಟ್ಟೆಗಾಗಿ ನೆಲ ಬಿಟ್ಟವರು, 1988ರಲ್ಲಿ ರಾಷ್ಟ್ರೀಯ ಉದ್ಯಾನವಾದ ನಾಗರಹೊಳೆಗಾಗಿ ಕಾಡು ಬಿಟ್ಟವರು ಯಾರು? ಜೇನುಕುರುಬ, ಬೆಟ್ಟಕುರುಬ, ಯರವ, ಸೋಲಿಗರು. ನಾಗರಹೊಳೆಯ ಕಾಡಿನಿಂದ ಹೊರಬಿದ್ದ ಕುಟುಂಬಗಳಲ್ಲಿ 3,418 ಕುಟುಂಬಗಳಿಗೆ ಪುನರ್ವಸತಿ ಬಾಕಿಯಿದೆಯೆಂದು ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ 2014ರಲ್ಲಿ ವರದಿಯಿತ್ತಿತು. ಇನ್ನು ನಮ್ಮ ಹಳ್ಳಿಗಳಲ್ಲಿ ಊರಬಾವಿ ಬೇರೆ, ಕೇರಿಯ ಬಾವಿ ಬೇರೆಯಾಗಿದ್ದುದು ಯಾರಿಗೆ ತಿಳಿಯದು? ಕೆರೆಯ ನೀರು ಮುಟ್ಟಲು 1927ರಲ್ಲಿ ಮಹಾಡದಲ್ಲಿ ಅಂಬೇಡ್ಕರರು ಸತ್ಯಾಗ್ರಹ ಹೂಡಬೇಕಾಯಿತು. ಆಮಿಷದ ಮತಾಂತರದ ವಿರುದ್ಧ ನಮ್ಮ ರಾಜ್ಯ 2022ರಲ್ಲಿ ಕಾಯಿದೆ ಮಾಡಿತು. 2023ರ ಜೂನಿನಲ್ಲಿ ಮುಂದಿನ ಸಚಿವ ಸಂಪುಟ ಅದನ್ನು ಹಿಂತೆಗೆಯಲು ನಿರ್ಧರಿಸಿತು. ಆ ಜಗಳದಲ್ಲಿ ಯಾವ ಪಕ್ಷ ಗೆದ್ದರೂ ಹಾಡಿಗೆ ಒಂದು ಕೊಡ ನೀರು ಹೆಚ್ಚಲಿಲ್ಲ. ನಾವು ಕೊಡದೆ ಬಿಟ್ಟ ನೀರನ್ನು ಬೇರೊಬ್ಬರು ಕೊಟ್ಟರೆ, ಅವರ ಶಲ್ಯವನ್ನು ಎತ್ತಿತೋರಿಸುವ ಅಧಿಕಾರ ನಮಗೆ ಅರ್ಧ ಮಾತ್ರ.

ಆ ಅರ್ಧವನ್ನೂ ಕಳೆದುಕೊಳ್ಳುವ ಆಲೋಚನೆಯೊಂದು ನಮ್ಮಲ್ಲೇ ತಲೆಯೆತ್ತುತ್ತಿದೆ. ಶುದ್ಧ ನೀರಿನ ಘಟಕ ಹಾಕಿಸೋಣ, ಆದರೆ ಮಾಂಸಾಹಾರ ಬಿಡುವೆವೆಂದು ಪ್ರತಿಜ್ಞೆ ಮಾಡಿದ ಊರಿಗೇ ಹಾಕಿಸೋಣ ಎಂಬುದು ಅದು. ಅಹಿಂಸೆಯ ಹೆಸರಿನಲ್ಲಿ ಬಂದರೂ ಇದು ಅದೇ ನಿದಾನ. ಬಾಯಾರಿಕೆಯನ್ನು ಹಿಡಿದು ಪಡೆದ ಪ್ರತಿಜ್ಞೆಯಲ್ಲಿ ಅಹಿಂಸೆ ಎಲ್ಲಿದೆ? ನೀರು ಗಾಲಿಸುವ ಕ್ರಮವನ್ನು ನೆನೆಯಿರಿ. ಬಟ್ಟೆಯಲ್ಲಿ ಉಳಿದ ಜೀವಗಳನ್ನು ಯಾವ ಬಾವಿಯ ನೀರೋ ಅದೇ ಬಾವಿಗೆ ಮರಳಿ ಬಿಡಬೇಕು. ಬೇರೊಂದು ನೀರಿಗೆ ಬಿಟ್ಟರೆ ಅವು ಬದುಕವು. ಕಣ್ಣಿಗೆ ಕಾಣದ ಜೀವಿಗೂ ಅದರ ನೀರನ್ನೇ ಮರಳಿಸುವ ನಾವು, ಮನುಷ್ಯನನ್ನು ಅವನ ನೆಲೆಯಿಂದ ಎತ್ತಿ ನಮ್ಮ ಬಾವಿಗೆ ಹಾಕಿಕೊಳ್ಳಲು ಹೊರಡುವುದೇ?

ಗೊಮ್ಮಟಗಿರಿ, ಸಾಲಿಗ್ರಾಮ, ಚಿಕ್ಕಹನಸೋಗೆಗಳ ಬಸದಿಗಳಿಗೆ ನಡೆದುಕೊಳ್ಳುವ ಕುಟುಂಬಗಳೂ ಟ್ರಸ್ಟುಗಳೂ ಮುಂದಿನ ವಾರ್ಷಿಕ ಸಭೆಯಲ್ಲಿ ಇದನ್ನು ಚರ್ಚೆಗೆ ತರಲಿ. ಹೊಸ ಘಟಕಗಳ ಉದ್ಘಾಟನೆಗಿಂತ ಕೆಟ್ಟುನಿಂತ ಘಟಕಗಳ ದುರಸ್ತಿಗೆ ಪ್ರತಿವರ್ಷ ಒಂದು ಮೊತ್ತ ತೆಗೆದಿಡಲಿ. ಸೋಸುಪೊರೆ ಬದಲಾಯಿಸಲು ಹಣವಿಲ್ಲದೆ ಬಾಗಿಲು ಹಾಕಿದ ಘಟಕ ಯಾರ ಬಾಯಾರಿಕೆಯನ್ನೂ ತಣಿಸದು. ನಿರ್ವಹಣೆ ಗ್ರಾಮ ಪಂಚಾಯಿತಿಯ ನೀರು ಸಮಿತಿಯ ಕೈಯಲ್ಲಿರಲಿ, ಹಾಡಿಯವರೂ ಕೇರಿಯವರೂ ಅದರಲ್ಲಿರಲಿ. ದಾನಿಗಳ ಅಮೃತಶಿಲೆಯ ಫಲಕ ಬೇಡ, ಪ್ರತಿಜ್ಞೆಯ ಪುಸ್ತಕ ಬೇಡ, ಮೂರ್ತಿಯ ಚಿತ್ರವೂ ಬೇಡ. ಫಲಕ ಹಾಕಲೇಬೇಕೆಂದಿದ್ದರೆ, ಯಂತ್ರ ಕೆಟ್ಟಾಗ ಯಾರಿಗೆ ತಿಳಿಸಬೇಕೆಂಬ ದೂರವಾಣಿ ಸಂಖ್ಯೆಯಷ್ಟು ಬರೆಸಿದರೆ ಸಾಕು.