ಗೇಜ್ 14.7 ಅಂತಿದೆ, ಜೇಬು ಬೇರೆ ಹೇಳ್ತಿದೆ

ಗೆಳೆಯನೊಬ್ಬ ಹಳೇ ಕಾರಿಗೆ ಎಎಫ್ಆರ್ ಗೇಜ್ ಹಾಕಿಸಿದ. ಎಂಜಿನ್‌ನಿಂದ ಬರೋ ಹೊಗೆಯಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಅಂತ ಸೆನ್ಸರ್ ನೋಡುತ್ತೆ. ಒಂದು ಪಾಲು ಇಂಧನಕ್ಕೆ ಎಷ್ಟು ಪಾಲು ಗಾಳಿ ಸೇರಿತು ಅನ್ನೋದನ್ನ ಗೇಜ್ ತೋರಿಸುತ್ತೆ. ಬರೀ ಪೆಟ್ರೋಲ್‌ಗೆ ಸರಿಯಾದ ಲೆಕ್ಕ, ತೂಕದಲ್ಲಿ, 14.7. ಮುಳ್ಳು ಅಲ್ಲೇ ನಿಂತಿತ್ತು. ‘ನೋಡು, ಇ20 ಹಾಕಿದ್ರೂ ಏನೂ ಆಗಿಲ್ಲ’ ಅಂದ.

ಎಂಜಿನಿಯರಿಂಗ್ ಓದಿದ ಚಟ, ಸುಮ್ಮನಿರೋಕೆ ಆಗಲಿಲ್ಲ. ಸೆನ್ಸರ್‌ಗೆ ಗೊತ್ತಾಗೋದು ಗಾಳಿ ಹೆಚ್ಚಾಯ್ತಾ, ಕಡಿಮೆಯಾಯ್ತಾ ಅನ್ನೋದಷ್ಟೇ. ಟ್ಯಾಂಕ್‌ನಲ್ಲಿ ಏನಿದ್ದರೂ ಗೇಜ್ ಅದನ್ನ ಪೆಟ್ರೋಲ್ ಲೆಕ್ಕದಲ್ಲೇ ಬರೆಯುತ್ತೆ. ಎಥನಾಲ್‌ಗೆ ಬೇಕಾದ ಗಾಳಿ ಸುಮಾರು 9 ಪಾಲು. 20% ಬೆರೆಸಿದರೆ ನಿಜವಾದ ಅನುಪಾತ 13.5ರ ಆಸುಪಾಸು. ಅಂದರೆ ಅದೇ ಗಾಳಿಗೆ ಕಾರಿನ ಕಂಪ್ಯೂಟರ್ ಹೆಚ್ಚು ಇಂಧನ ಸುರಿದು ಸರಿದೂಗಿಸಿದೆ. ಆ ಖರ್ಚು ಗೇಜ್‌ನಲ್ಲಿ ಕಾಣಲ್ಲ, ಬಂಕ್ ಬಿಲ್‌ನಲ್ಲಿ ಕಾಣುತ್ತೆ.

ಕೇಂದ್ರ ಸರ್ಕಾರ ನೋಡ್ತಿರೋ ಗೇಜ್ ಕೂಡ ಇಂಥದ್ದೇ. 2030ಕ್ಕೆ ಇಟ್ಟಿದ್ದ 20% ಗುರಿ 2025ರಲ್ಲೇ ಮುಟ್ಟಿತು. ಕಚ್ಚಾತೈಲದ ಆಮದು ತಗ್ಗುತ್ತೆ, ಬೆಳಗಾವಿ, ಬಾಗಲಕೋಟೆಯ ಕಬ್ಬಿಗೆ ಇನ್ನೊಂದು ಮಾರುಕಟ್ಟೆ ಸಿಗುತ್ತೆ. ಇದು ಸಣ್ಣ ಮಾತಲ್ಲ, ಒಪ್ಪೋಣ.

ಆದರೆ ನೀತಿ ಆಯೋಗದ 2021ರ ವರದಿಯೇ ಎಚ್ಚರಿಸಿತ್ತು: ಇ0ಗೆ ವಿನ್ಯಾಸಗೊಂಡು ಇ10ಗೆ ಹೊಂದಿಸಿದ ಕಾರುಗಳ ಮೈಲೇಜ್ 6–7%, ಬೈಕ್‌ಗಳದ್ದು 3–4% ಇಳಿಯಬಹುದು. ಹಾಗಾಗಿ ಬೆಲೆ ಕಡಿಮೆ ಇರಲಿ, ಹಳೇ ವಾಹನಗಳಿಗೆ ಇ10 ಸಿಗಲಿ ಅಂತಲೂ ಹೇಳಿತ್ತು. ಮಿಶ್ರಣ ಬಂತು, ಈ ಎರಡು ಸಲಹೆ ಬರಲಿಲ್ಲ. ಎಥನಾಲ್ ಖರೀದಿಯೇ ಪೆಟ್ರೋಲ್‌ಗಿಂತ ದುಬಾರಿ ಅನ್ನೋದು 2025ರಲ್ಲಿ ಪೆಟ್ರೋಲಿಯಂ ಸಚಿವಾಲಯ ಕೊಟ್ಟ ಉತ್ತರವಾಗಿತ್ತು. ಎಥನಾಲ್ ಇಲ್ಲದ ಪೆಟ್ರೋಲ್‌ನ ಆಯ್ಕೆ ಕೊಡಿ ಅಂತ ಹೋದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು.

ಹೊಡೆತ ಜಾಸ್ತಿ ಯಾರಿಗೆ? ಕಾರ್ಬ್ಯುರೇಟರ್ ಬೈಕ್ ಇಟ್ಟುಕೊಂಡವರಿಗೆ. ಅದರಲ್ಲಿ ಸೆನ್ಸರೂ ಇಲ್ಲ, ಸರಿದೂಗಿಸೋ ಕಂಪ್ಯೂಟರೂ ಇಲ್ಲ. ಇಂಧನ ಸಾಲದೆ ಚಳಿಗೆ ಸ್ಟಾರ್ಟ್ ಆಗೋಕೆ ಸತಾಯಿಸಬಹುದು, ಎಳೆತ ತಗ್ಗಬಹುದು. ಹೊಸ ಬೈಕ್ ಕೊಳ್ಳೋಕಾಗದೆ ಅದರಲ್ಲೇ ದುಡಿಯೋರು ಎಷ್ಟೋ ಜನ.

ಎಥನಾಲ್ ಬೇಡ ಅಂತ ನಾನು ಹೇಳ್ತಿಲ್ಲ. ಬಂಕ್‌ನಲ್ಲಿ ಎಷ್ಟು ಬೆರಕೆ ಅಂತ ದೊಡ್ಡದಾಗಿ ಬರೀರಿ, ಇ10ಗೂ ಒಂದು ಪಂಪ್ ಇಡಿ, ಮೈಲೇಜ್ ಇಳಿದಷ್ಟು ಬೆಲೆ ಇಳಿಸಿ. ದೇಶಕ್ಕೆ ಉಳಿಯೋ ದುಡ್ಡಿನ ಲೆಕ್ಕ ಹೇಳೋರು, ನಮ್ಮ ಜೇಬಿಂದ ಹೋಗೋ ದುಡ್ಡಿನ ಲೆಕ್ಕವನ್ನೂ ಹೇಳಲಿ.