ಕನ್ನಡಕಕ್ಕೆ ನಾಲ್ಕು ವರ್ಷ ಯಾಕೆ ಅಂತೀರಾ?

ಪಿಯುಸಿ ಫಲಿತಾಂಶ ಬಂದ ವಾರದಲ್ಲೇ ಈ ಪ್ರಶ್ನೆಯೂ ಬರುತ್ತದೆ: ‘ಕನ್ನಡಕ ಕೊಡೋಕೆ ನಾಲ್ಕು ವರ್ಷ ಓದಬೇಕಾ ಸಾರ್?’ ಸೀಟು ವಿಚಾರಿಸಲು ಬಂದ ಅಪ್ಪಂದಿರು ಇದನ್ನು ನೇರವಾಗಿ ಕೇಳುತ್ತಾರೆ. ಕಣ್ಣಿನ ವೈದ್ಯರು ಇದನ್ನೇ ಸಮ್ಮೇಳನದ ವೇದಿಕೆಯಿಂದ ನಯವಾದ ಇಂಗ್ಲಿಷಿನಲ್ಲಿ ಕೇಳುತ್ತಾರೆ. ‘ಉಚಿತ ಕಂಪ್ಯೂಟರ್ ಕಣ್ಣಿನ ಪರೀಕ್ಷೆ’ ಎಂದು ಬೋರ್ಡು ನೇತುಹಾಕಿದ ಅಂಗಡಿಯವರು ಕೇಳುವ ಗೋಜಿಗೇ ಹೋಗಿಲ್ಲ, ಉತ್ತರವನ್ನೇ ಬರೆದಿದ್ದಾರೆ. ಆಪ್ಟೊಮೆಟ್ರಿ ಪದವಿ ಅಂದರೆ ನೀಟ್‌ನಲ್ಲಿ ಮುಗ್ಗರಿಸಿದವರ ಸಮಾಧಾನಕರ ಬಹುಮಾನ ಅನ್ನುವುದರಲ್ಲಿ ಮೂವರಿಗೂ ಒಮ್ಮತ. ಹದಿನೈದು ವರ್ಷದಿಂದ ಈ ಹುಡುಗರಿಗೆ ಪಾಠ ಹೇಳುತ್ತಿರುವ ನನ್ನ ಹತ್ತಿರ ಇನ್ನು ಸೌಜನ್ಯದ ಉತ್ತರ ಉಳಿದಿಲ್ಲ.

ಆ ಕಂಪ್ಯೂಟರನ್ನು ನೀವೂ ನೋಡಿದ್ದೀರಿ. ಗಲ್ಲ ಊರಿ ಇಣುಕಿದರೆ ಉದ್ದನೆಯ ರಸ್ತೆ, ಅದರ ತುದಿಯಲ್ಲೊಂದು ಬಣ್ಣದ ಬಲೂನು. ಬಲೂನು ಮಸುಕಾಗಿ ಮತ್ತೆ ತಿಳಿಯಾಗುವಷ್ಟರಲ್ಲಿ ಚೀಟಿ ಹೊರಗೆ ಬಿದ್ದಿರುತ್ತದೆ. ದೊಡ್ಡವರಿಗಾದರೆ ಪರೀಕ್ಷೆ ಶುರು ಮಾಡಲು ಆ ಚೀಟಿ ಆದೀತು. ಮಕ್ಕಳ ವಿಷಯದಲ್ಲಿ ಎಷ್ಟೋ ಸಲ ಅದು ಶುದ್ಧ ಸುಳ್ಳು. ಬಲೂನು ದೂರದಲ್ಲಿದೆ ಅಂತ ಮಗುವಿಗೆ ಅನ್ನಿಸುವುದಿಲ್ಲ, ಪೆಟ್ಟಿಗೆಯೊಳಗೇ ಇದೆ ಅನ್ನಿಸುತ್ತದೆ. ಕಣ್ಣಿನ ಸ್ನಾಯು ಬಿಗಿಯುತ್ತದೆ, ಮಸೂರ ಉಬ್ಬುತ್ತದೆ, ಯಂತ್ರ ಇಲ್ಲದ ಮೈನಸ್ ಬರೆದುಕೊಡುತ್ತದೆ.

ಕಳೆದ ವರ್ಷ ನಮ್ಮಲ್ಲಿಗೆ ಐದನೇ ಕ್ಲಾಸಿನ ಒಬ್ಬ ಹುಡುಗ ಬಂದ. ಮೂಗಿನ ಮೇಲೆ ಅಂಗಡಿಯ ಕನ್ನಡಕ, ಎರಡೂ ಕಣ್ಣಿಗೆ ಮೈನಸ್ ಒಂದೂವರೆ. ಸಂಜೆಯಾದರೆ ತಲೆನೋವು, ಪುಸ್ತಕ ಹಿಡಿದರೆ ಅಳು. ಮನೆಯವರು ಮೊಬೈಲ್ ಕಸಿದುಕೊಂಡಿದ್ದರು, ಕ್ಯಾರೆಟ್ ತಿನ್ನಿಸಿದ್ದರು, ಎರಡು ಏಟೂ ಕೊಟ್ಟಿದ್ದರಂತೆ. ನಮ್ಮ ಇಂಟರ್ನ್ ಹುಡುಗಿ ವೈದ್ಯರಿಂದ, ಬಿಗಿದ ಆ ಸ್ನಾಯುವನ್ನು ಸಡಿಲಿಸುವ ಸೈಕ್ಲೋಪೆಂಟೊಲೇಟ್ ಹನಿ ಬರೆಸಿ ಹಾಕಿದಳು. ಮುಕ್ಕಾಲು ಗಂಟೆ ಕೂರಿಸಿ, ಕೋಣೆಯ ದೀಪ ಆರಿಸಿ ರೆಟಿನೋಸ್ಕೋಪ್ ಹಿಡಿದಳು. ಪಾಪೆಯೊಳಗಿನ ಕೆಂಪು ಬೆಳಕಿನ ಪಟ್ಟಿ ಅವಳ ಕೈ ಹೋದತ್ತಲೇ ಹೋಗುತ್ತಿತ್ತು. ಒಂದೊಂದೇ ಮಸೂರ ಹಿಡಿದು ಆ ಓಡಾಟ ನಿಲ್ಲುವವರೆಗೆ ನೋಡಿ, ತೋಳಿನ ದೂರದ ಲೆಕ್ಕ ಕಳೆದು ಬರೆದಳು: ಪ್ಲಸ್ ಮುಕ್ಕಾಲು. ಅವನಿಗೆ ಕನ್ನಡಕವೇ ಬೇಕಿರಲಿಲ್ಲ!

ಆ ಕೈ ಪಳಗಬೇಕಲ್ಲ, ಅದಕ್ಕೆ ಸ್ವಾಮಿ ನಾಲ್ಕು ವರ್ಷ.

ಈಗ ಕಾನೂನಿಗೆ ಬರೋಣ. ವೈದ್ಯರ ಚೀಟಿ ನೋಡಿ ಔಷಧಿ ಕೊಡುವವನು ನೋಂದಾಯಿತ ಫಾರ್ಮಸಿಸ್ಟ್ ಆಗಿರಬೇಕು ಎಂದು ಈ ದೇಶ 1948ರಲ್ಲೇ ಕಾಯ್ದೆ ಮಾಡಿತು. 1976ರಲ್ಲಿ ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು. ಆದರೆ ಕಣ್ಣು ಪರೀಕ್ಷಿಸಿ ಕನ್ನಡಕದ ನಂಬರ್ ಬರೆಯುವವನು ಏನು ಓದಿರಬೇಕು ಎಂದು ಕೇಳಲು ಸಂಸತ್ತಿಗೆ ಪುರುಸೊತ್ತಾದದ್ದು 2021ರಲ್ಲಿ, ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಬಂದಾಗ. ಮಾತ್ರೆಗೂ ಕಣ್ಣಿಗೂ ನಡುವೆ 73 ವರ್ಷ! ಬಂದ ಕಾಯ್ದೆಯಾದರೂ ಓಡಿತೇ? ಜಾರಿ ಮಾಡಿ ಎಂದು 2024ರಲ್ಲಿ ಸುಪ್ರೀಂ ಕೋರ್ಟೇ ಕೇಂದ್ರಕ್ಕೂ ರಾಜ್ಯಗಳಿಗೂ ಗಡುವು ಕೊಟ್ಟು ಹೇಳಬೇಕಾಯಿತು. ಬ್ರಿಟನ್ನಿನಲ್ಲಿ 16 ವರ್ಷದೊಳಗಿನ ಮಗುವಿಗೆ ನಂಬರಿನ ಕನ್ನಡಕ ಮಾರುವಾಗಲೂ ನೋಂದಾಯಿತ ವೃತ್ತಿಪರರ ಉಸ್ತುವಾರಿ ಕಡ್ಡಾಯ. ಇಲ್ಲಿ ನಿನ್ನೆ ಮೊಬೈಲ್ ಕವರ್ ಮಾರುತ್ತಿದ್ದವನು ಇವತ್ತು ಬಲೂನು ತೋರಿಸುತ್ತಾನೆ. 1948, 2021: ಈ ಎರಡು ಇಸವಿಗಳನ್ನು ನನ್ನ ತರಗತಿಯ ಗೋಡೆಗೆ ಬರೆಸಬೇಕು ಅಂದುಕೊಂಡಿದ್ದೇನೆ.

ವೈದ್ಯ ಮಿತ್ರರಿಗೆ ನಾವು ‘ತಂತ್ರಜ್ಞರು’. ಆಗಲಿ. ಅವರದೇ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಬೆಳಗ್ಗೆ ಒಂಬತ್ತಕ್ಕೆ ಕೂತು ನೋಡಿ. ದೃಷ್ಟಿ ಅಳೆಯುವುದು, ನಂಬರ್ ತೆಗೆಯುವುದು, ಒತ್ತಡ ನೋಡುವುದು, ಮಾಲುಗಣ್ಣಿನ ಪರೀಕ್ಷೆ, ಎಲ್ಲ ನಮ್ಮ ಹುಡುಗರು. ಕೊನೆಗೆ ಫೈಲು ಒಳಗೆ ಹೋಗುತ್ತದೆ, ಸಹಿ ಹೊರಗೆ ಬರುತ್ತದೆ. ಒಳಗಿದ್ದಾಗ ಅನಿವಾರ್ಯರಾದವರು ಹೊರಗೆ ಸ್ವಂತ ಬಾಗಿಲು ತೆರೆದ ದಿನ ಅಪಾಯಕಾರಿಗಳಾಗುತ್ತಾರೆ! ಇನ್ನು ‘ಡಾ.’ ಜಗಳ. 2025ರ ಸೆಪ್ಟೆಂಬರಿನಲ್ಲಿ ಫಿಸಿಯೊಥೆರಪಿಯವರು ಅದನ್ನು ಬಳಸಬಾರದೆಂದು ದೆಹಲಿಯಿಂದ ಪತ್ರ ಹೊರಟು, ಬೆನ್ನಿಗೇ ವಾಪಸಾದ ನಗೆಪಾಟಲು ನೆನಪಿದೆಯಲ್ಲ? ನನಗೆ ಆ ಒಂದಕ್ಷರ ಬೇಡ. ನನ್ನ ವಿದ್ಯಾರ್ಥಿಗೆ ಇಂಟರ್ನ್‌ಶಿಪ್ಪಿನ ವರ್ಷ ಬಸ್ ಚಾರ್ಜಿನಷ್ಟಾದರೂ ಸ್ಟೈಪೆಂಡ್ ಕೊಡಿ. ಇಡೀ ವರ್ಷ ನೂರಾರು ಕಣ್ಣು ನೋಡಿ, ಪಿಜಿ ಬಾಡಿಗೆಗೆ ಊರಿನಿಂದ ದುಡ್ಡು ತರಿಸಿಕೊಂಡ ಹುಡುಗಿಯರು ನನಗೆ ಗೊತ್ತು.

ನಮ್ಮ ಕಾಲೇಜುಗಳೇನು ಸಾಚಾ ಅಲ್ಲ. ಒಂದು ಟ್ರಯಲ್ ಬಾಕ್ಸು, ಬ್ಯಾಚಿಗೊಂದು ರೆಟಿನೋಸ್ಕೋಪು, ಬಾಗಿಲಲ್ಲಿ ‘ನೂರಕ್ಕೆ ನೂರು ಪ್ಲೇಸ್‌ಮೆಂಟ್’ ಎಂಬ ಬ್ಯಾನರು: ಇಂಥ ಕಡೆ ಕಲಿತವರು ಕೊನೆಗೆ ಬಲೂನಿನ ಪಕ್ಕವೇ ನಿಲ್ಲುತ್ತಾರೆ. ಸೇರುವವರೂ ಅಷ್ಟೇ. ಬಯಾಲಜಿ ಇದ್ದರೆ ಸಾಕು ಅಂತ ಬಂದು, ಬೆಳಕಿನ ವಕ್ರೀಭವನದ ಲೆಕ್ಕ ಎದುರಾದಾಗ ಅಳುತ್ತಾರೆ. ಅವರನ್ನಾದರೂ ಏನನ್ನೋಣ? ಎರಡು ವರ್ಷ ಕೋಚಿಂಗಿನಲ್ಲಿ ಅವರು ಫಿಸಿಕ್ಸ್ ಕಲಿಯಲಿಲ್ಲ, ನಾಲ್ಕು ಆಯ್ಕೆಯಲ್ಲಿ ಒಂದಕ್ಕೆ ಗುರಿಯಿಡುವುದನ್ನು ಕಲಿತರು. ಎಂಬಿಬಿಎಸ್ ಆದರೆ ಮನುಷ್ಯ, ಇಲ್ಲದಿದ್ದರೆ ಉಳಿಕೆ ಅಂತ ಮಕ್ಕಳನ್ನು ಜರಡಿ ಹಿಡಿಯುವ ಊರಲ್ಲಿ ಯಾವ ವೃತ್ತಿಗೆ ತಾನೇ ಮರ್ಯಾದೆ? ಡಾ. ಎಂ.ಸಿ. ಮೋದಿಯವರ ನೇತ್ರ ಶಿಬಿರಗಳನ್ನು ನೆನೆದು ಕೈಮುಗಿಯುವ ನಾಡಿದು. ಪೊರೆ ತೆಗೆದವರಿಗೆ ಕೈಮುಗಿಯೋಣ, ಸರಿಯೇ. ಪೊರೆ ಇಲ್ಲದೆಯೂ ಬೋರ್ಡು ಕಾಣದೆ ಹಿಂದಿನ ಬೆಂಚಿನಲ್ಲಿ ದಡ್ಡನೆನಿಸಿಕೊಂಡ ಮಗುವಿನ ಲೆಕ್ಕ ಯಾರದು?

ಈ ವರ್ಷ ಆಪ್ಟೊಮೆಟ್ರಿ ಸೇರಬೇಕೆಂದಿರುವ ಹುಡುಗ ಹುಡುಗಿಯರೇ, ಕಾಲೇಜಿನ ಕಟ್ಟಡ ನೋಡಬೇಡಿ. ಅದಕ್ಕೆ ಸೇರಿದ ಆಸ್ಪತ್ರೆಯ ಹೊರರೋಗಿ ಸಾಲು ನೋಡಿ, ಎರಡನೇ ವರ್ಷದವರ ಕೈಗೆ ರೆಟಿನೋಸ್ಕೋಪ್ ಸಿಗುತ್ತದೆಯೇ ಅಂತ ಅವರನ್ನೇ ಕೇಳಿ, ಇಂಟರ್ನ್‌ಶಿಪ್ಪಿಗೆ ಎಷ್ಟು ಕೊಡುತ್ತೀರಿ ಅಂತ ಆಫೀಸಿನಲ್ಲಿ ಕೇಳಿ. ಅಪ್ಪ ಅಮ್ಮಂದಿರೇ, ಮಗುವಿನ ಕಣ್ಣು ತೋರಿಸಲು ಹೋದಾಗ ಫ್ರೇಮಿನ ರಿಯಾಯಿತಿ ಕೇಳುವ ಮೊದಲು ಎದುರಿಗೆ ನಿಂತವರನ್ನು ಒಂದು ಮಾತು ಕೇಳಿ: ನೀವು ಏನು ಓದಿದ್ದೀರಿ, ನಿಮ್ಮ ನೋಂದಣಿ ಸಂಖ್ಯೆ ಎಷ್ಟು?